ಎಡಗೈ ಗಂಟು

ಜೀರಹಳ್ಳಿಯ ಅಂಚಿನಲ್ಲಿರುವ ಆ ಕುರಿದೊಡ್ಡಿಯ ಯಜಮಾನಿಯನ್ನು ನಾನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಮೊದಲ ದಿನದಿಂದಲೂ ಅವರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ನನಗಂತೂ ಯಾರ ಮೇಲೂ ಇರಲಿಲ್ಲ, ಅದು ನನ್ನ ಹುಟ್ಟುಗುಣ. ಹಾಲು ಕಾಯಿಸಿಟ್ಟಿದ್ದೇನೆ ಎಂದು ಹೆಂಡತಿ ಹೇಳಿದರೂ ಪಾತ್ರೆ ಮುಟ್ಟಿ ನೋಡುವವನು ನಾನು. ಕುರಿಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸಕ್ಕೆ ಈ ಗುಣ ಒಳ್ಳೆಯದೇ ಎಂದು ಆಗ ಅಂದುಕೊಂಡಿದ್ದೆ.

ದೀಪಾವಳಿ ಬೆನ್ನಿಗೆ ಬರುವ ಗುಮಟಾಪುರದ ಸಗಣಿ ಹಬ್ಬ ಮುಗಿದ ಮರುವಾರ ಅವರ ದೊಡ್ಡಿಗೆ ಹೋದೆ. ಇಪ್ಪತ್ತನಾಲ್ಕು ಹೆಣ್ಣು ಕುರಿ, ಒಂದೇ ಟಗರು. ವರ್ಷಗಟ್ಟಲೆ ಅದೇ ಟಗರು ತನ್ನ ಮಕ್ಕಳು ಮೊಮ್ಮಕ್ಕಳನ್ನೇ ಕೂಡಿ, ಕಳೆದೆರಡು ಸಲ ಹುಟ್ಟಿದ ಮರಿಗಳು ಮೊಲೆ ಹಿಡಿಯಲಾರದಷ್ಟು ಸೊರಗಿದ್ದವು. ಘಟ್ಟದ ಕೆಳಗೆ ಸತ್ಯಮಂಗಲದ ಕಡೆ ಸಾಕಿದ ಮೇಚೇರಿ ತಳಿಯ ನಸುಗೆಂಪು ಟಗರಿನ ವೀರ್ಯವನ್ನು ತಂಪು ಫ್ಲಾಸ್ಕಿನಲ್ಲಿ ತಂದು ಹಾಕುವುದು ನಮ್ಮ ಆಫೀಸಿನ ಯೋಜನೆ. ಹೊಸ ರಕ್ತ ಬೇಕು ಎಂಬುದು ದೊಡ್ಡವ್ವನಿಗೂ ಗೊತ್ತಿತ್ತು. ನಾನು ಎಂಥವನು ಎಂಬುದೊಂದೇ ಗೊತ್ತಿರಲಿಲ್ಲ.

ಬೆದೆ ಬರಿಸಲು ಕುರಿಯ ಯೋನಿಯೊಳಗೆ ಇಡುವ ಔಷಧಿಯ ಸ್ಪಂಜನ್ನು ಬೆರಳಲ್ಲಿ ಅದುಮಿ, ಮೂಸಿ, ಬೆಳಕಿಗೆ ಹಿಡಿದು ನೋಡಿದರು. "ಇದ ಒಳಕ ಮಡಗುದ್ರ ಗಬ್ಬ ಕಟ್ತದೋ, ಇಲ್ಲ ಇದ್ದುದೂ ಓಯ್ತದೋ?"

"ಅನ್ನೆಲ್ಡು ದಿನ ಮಡಗಿ ತಗುದ್ರ ಎಲ್ಲ ಕುರಿನೂ ಒಂದೇ ದಿನ ಬೆದೆಗ ಬತ್ತವ ದೊಡ್ಡವ್ವಾ. ಆಗ ಊಸಿ ಆಕಿ, ಒಂದೇ ದಿನ ಎಲ್ಲುಕ್ಕೂ ಮಾಡ್ಬೌದು."

"ಕಟ್ನಿಲ್ಲ ಅಂದ್ರ? ಒಂದೊರ್ಸದ ಮರಿ ಓದಂಗೇ ಅಲ್ವಾ?"

"ಕಟ್ನಿಲ್ಲ ಅಂದ್ರ ನನ್ನ ದೊಡ್ಡಗಾಜನೂರಿಗೇ ಬಂದು ಬಯ್ಯಿ."

ನನ್ನ ಊರಿನ ಹೆಸರು ಕೇಳಿದ ಮೇಲೆ, ಅಲ್ಲಿ ಅವರ ನೆಂಟರು ಯಾರೋ ಇದ್ದಾರೆಂದು ನೆನಪು ಮಾಡಿಕೊಂಡು, ಅವರನ್ನು ವಿಚಾರಿಸಿ, ನಾಲ್ಕು ದಿನ ಬಿಟ್ಟು ಒಪ್ಪಿಗೆ ಹೇಳಿ ಕಳಿಸಿದರು.

ನಮ್ಮ ಮಲೆಯಲ್ಲಿ ಯೋಜನೆಗೆ ಸೇರಿದ ಮೊದಲ ಹಿಂಡು ಇದು. ಇಲ್ಲಿ ಚೆನ್ನಾಗಿ ಆದರೆ ಮುಂದಿನ ಸಲ ತಾಳವಾಡಿ ಸುತ್ತಲಿನ ಹಿಂಡುಗಳೆಲ್ಲ ತಮ್ಮ ಟಗರುಗಳನ್ನು ದೂರ ಇಟ್ಟು ನಮ್ಮ ಫ್ಲಾಸ್ಕನ್ನೇ ನೆಚ್ಚಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಆಗದಿದ್ದರೆ ಯೋಜನೆ ಘಟ್ಟ ಇಳಿಯುತ್ತಿತ್ತು, ಅದರ ಹಿಂದೆ ನನ್ನ ಕೆಲಸವೂ.

ಶನಿವಾರ ಇಪ್ಪತ್ತನಾಲ್ಕು ಸ್ಪಂಜು ಇಟ್ಟೆ. ಹನ್ನೆರಡು ದಿನದ ಮೇಲೆ ಗುರುವಾರ ಮಧ್ಯಾಹ್ನ ತೆಗೆಯಲು ಕೂತಾಗ, ಹೊರಗೆ ಇಳಿಬಿದ್ದಿರಬೇಕಾದ ದಾರ ಒಂದು ಕುರಿಯಲ್ಲಿ ಕಾಣಲಿಲ್ಲ. ಬೆರಳು ಹಾಕಿ ನೋಡಿದರೆ ಸ್ಪಂಜೂ ಇಲ್ಲ. ಸ್ಪಂಜು ತಾನಾಗಿ ಬಿದ್ದುಹೋಗುವುದು ಉಂಟು. ಆದರೆ ನನ್ನ ಕಣ್ಣು ನೇರವಾಗಿ ದೊಡ್ಡವ್ವನ ಕೈಗೇ ಹೋಯಿತು. ಅವರ ಕಣ್ಣು ನನ್ನ ಚೀಲದ ಮೇಲಿತ್ತು, ನಾನೇ ಒಂದು ಕಡಿಮೆ ಇಟ್ಟು ಇಪ್ಪತ್ತನಾಲ್ಕು ಅಂದೆನೋ ಎಂದು. ಕೊನೆಗೆ ದೊಡ್ಡಿಯ ಮುಳ್ಳುಬೇಲಿಯಲ್ಲಿ ಸಿಕ್ಕಿಕೊಂಡು ಒಣಗಿದ್ದ ಸ್ಪಂಜು ಸಿಕ್ಕಿತು. ಇಬ್ಬರೂ ಏನೂ ಆಗದವರಂತೆ ಮುಂದಿನ ಕುರಿ ಹಿಡಿದೆವು.

ಶುಕ್ರವಾರ ಸಂಜೆ ನಾನೇ ಸತ್ಯಮಂಗಲಕ್ಕೆ ಇಳಿದೆ. ಫ್ಲಾಸ್ಕನ್ನು ಯಾರಾದರೂ ಜೀಪಿನವರ ಕೈಲಿ ಕಳಿಸುತ್ತೇನೆಂದು ಯೋಜನೆ ನೋಡಿಕೊಳ್ಳುವ ನಮ್ಮ ಪಶು ಡಾಕ್ಟರು ಹೇಳಿದ್ದರು, ನನಗೆ ಧೈರ್ಯ ಬರಲಿಲ್ಲ. ಮುಂಜಾನೆ ಟಗರಿನಿಂದ ವೀರ್ಯ ತೆಗೆದು, ದ್ರಾವಣ ಬೆರೆಸಿ, ನಿಧಾನವಾಗಿ ತಣಿಸಿ, ಐದು ಡಿಗ್ರಿಗೆ ಇಳಿಸಿ ಫ್ಲಾಸ್ಕಿಗೆ ಹಾಕಿದೆವು. ರಾತ್ರಿ ಮುಚ್ಚಿರುವ ಕಾಡಿನ ಚೆಕ್‌ಪೋಸ್ಟಿನ ಗೇಟು ತೆರೆದ ಕೂಡಲೇ ಬೈಕು ಹತ್ತಿಸಿದೆ. ದಿಂಬಂ ಘಾಟಿಯ ಒಂಬತ್ತನೇ ತಿರುವಿನಲ್ಲಿ ಕಬ್ಬಿನ ಲಾರಿಯೊಂದು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ರಸ್ತೆ ತುಂಬ ನಿಂತಿತ್ತು. ಬೈಕಿಗೂ ಸಂದಿಲ್ಲ. ಒಂದೂವರೆ ಗಂಟೆ ಫ್ಲಾಸ್ಕನ್ನು ಶರ್ಟಿನ ನೆರಳಲ್ಲಿ ಹಿಡಿದುಕೊಂಡು ಕೂತಿದ್ದೆ. ದೊಡ್ಡಿ ತಲುಪಿದಾಗ ಥರ್ಮಾಮೀಟರು ಒಂಬತ್ತು ತೋರಿಸುತ್ತಿತ್ತು.

ಗಾಜಿನ ಪಟ್ಟಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚಲನೆ ಇತ್ತು, ಬೆಳಗಿನ ಬಿರುಸು ಇರಲಿಲ್ಲ. ದೊಡ್ಡವ್ವ ತಾವೂ ನೋಡಬೇಕೆಂದರು. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಸುಸ್ತಾಗವ," ಅಂದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸುಸ್ತಾದವನ್ನೇ ಹಾಕಬೇಕಿತ್ತು, ಬೇರೆ ದಾರಿಯಿರಲಿಲ್ಲ. ಕುರಿಯ ಹಿಂಗಾಲುಗಳನ್ನು ಅಡ್ಡ ಬೊಂಬಿನ ಮೇಲೆ ಎತ್ತಿ, ತಲೆ ಕೆಳಗಾಗಿಸಿ, ಟಾರ್ಚು ಬಿಟ್ಟು ಗರ್ಭಕೊರಳಿನ ಬಾಯಿ ಹುಡುಕಬೇಕು. ಹಸುವಿನದು ನೇರ ದಾರಿ. ಕುರಿಯದು ಮಡಿಕೆ ಮಡಿಕೆಯಾಗಿ ತಿರುಚಿಕೊಂಡಿರುತ್ತದೆ, ಕೊಳವೆ ಒಂದು ಉಗುರಿನಷ್ಟು ಒಳಗೆ ಹೋದರೆ ಅದೇ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತನಾಲ್ಕೂ ಮುಗಿದವು. ಮೂರರಲ್ಲಿ ಒಂದು ಕಟ್ಟಿದರೂ ನನ್ನ ಪುಣ್ಯ ಎಂದುಕೊಂಡು ಕೈ ತೊಳೆದೆ.

ಆಮೇಲಿನ ಕೆಲಸ ಕಾಯುವುದು. ಕಟ್ಟದ ಕುರಿ ಹದಿನಾರು ಹದಿನೇಳು ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಅದನ್ನು ಮನುಷ್ಯನಿಗಿಂತ ಬೇಗ ಟಗರು ಕಂಡುಹಿಡಿಯುತ್ತದೆ. ಅದಕ್ಕೆ ದೊಡ್ಡವ್ವನ ಹಳೇ ಟಗರನ್ನೇ ಹಿಂಡಿನಲ್ಲಿ ಬಿಟ್ಟು, ಹೊಟ್ಟೆಯ ಕೆಳಗೆ ಅಡ್ಡಲಾಗಿ ಗೋಣಿಯ ಪಟ್ಟಿ ಕಟ್ಟಿದೆ. ಪಟ್ಟಿ ಇದ್ದರೆ ಅದು ಕುರಿಯನ್ನು ಹಾರಬಹುದು, ಕೂಡಲಾಗದು. ಎದೆಗೆ ಹರಳೆಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದೆ. ಹಾರಿದ ಕುರಿಯ ಬೆನ್ನಿಗೆ ಕೆಂಪು ಹತ್ತಿದರೆ ಅದು ಕಟ್ಟಿಲ್ಲ ಎಂದು ಅರ್ಥ. ಸ್ಕ್ಯಾನ್ ಎರಡು ಸಲ ಆಗುವವರೆಗೂ ಪಟ್ಟಿ ಇರಬೇಕೆಂದು ಹೇಳಿದೆ.

ಹೇಳಿದರೆ ಸಾಕೇ? ನನ್ನ ಸ್ವಭಾವಕ್ಕೆ ಸಾಲದು. ನಾನು ಎಡಚ. ನಾನು ಹಾಕಿದ ಗಂಟು ಎಲ್ಲರ ಗಂಟಿಗೆ ಎದುರು ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ಮೂರು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಡಗೈ ಗಂಟು ಹಾಕಿದೆ. ಯಾರಾದರೂ ಬಿಚ್ಚಿ ಕಟ್ಟಿದರೆ ಒಂದೇ ನೋಟಕ್ಕೆ ಗೊತ್ತಾಗಬೇಕು. ಈ ಉಪಾಯಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಹೋಗಿ ಬಣ್ಣ ಬಳಿದು ಗಂಟು ನೋಡಿ ಬರುತ್ತಿದ್ದೆ. ಸೋಮವಾರ ಕೆಳಗೆ ಆಫೀಸಿನಲ್ಲಿ ಮೀಟಿಂಗು, ತಪ್ಪಿಸುವಂತಿರಲಿಲ್ಲ. ಒಂದು ಮಂಗಳವಾರ ಗೋಣಿ ಪಟ್ಟಿ ಸ್ವಲ್ಪ ಒದ್ದೆಯಿತ್ತು. ಟಗರು ಉಚ್ಚೆ ಹೊಯ್ದಿರಬೇಕು, ಎದೆಯ ಬಣ್ಣ ಎಲ್ಲೋ ಉಜ್ಜಿ ಹೋಗಿರಬೇಕು ಎಂದುಕೊಂಡೆ. ಗಂಟು ನಾನು ಹಾಕಿದಂತೆಯೇ ಎಡಕ್ಕೆ ಸುತ್ತಿಕೊಂಡು ಕೂತಿತ್ತು. ಹದಿನೇಳನೇ ದಿನವೂ ಮಂಗಳವಾರವೇ. ಆ ವಾರವೆಲ್ಲ ನೋಡಿದರೂ ಇಪ್ಪತ್ತನಾಲ್ಕರಲ್ಲಿ ಎರಡಕ್ಕೆ ಮಾತ್ರ ಕೆಂಪು ಹತ್ತಿತ್ತು. ಉಳಿದವೆಲ್ಲ ಕಟ್ಟಿವೆಯೇ? ಸುಸ್ತಾದ ವೀರ್ಯಕ್ಕೆ ಇಷ್ಟು ಬಲ ಎಲ್ಲಿಂದ ಬಂತು? ಖುಷಿ ಪಡಬೇಕಾದ ಹೊತ್ತಿನಲ್ಲಿ ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದೆ.

ನಲವತ್ತೈದನೇ ದಿನ ಸ್ಕ್ಯಾನ್ ಯಂತ್ರ ಹೊತ್ತು ಹೋದೆ. ತೊಡೆಸಂದಿಯ ಬರಿ ಚರ್ಮಕ್ಕೆ ಜೆಲ್ ಸವರಿ ಹಿಡಿದರೆ ಮೊದಲ ಕುರಿಯಲ್ಲೇ ಮರಿಯ ತಲೆ, ಬೆನ್ನಿನ ಗೆರೆ, ಮಿಡಿಯುವ ಎದೆ ಕಂಡವು. ದೊಡ್ಡವ್ವನನ್ನು ಕರೆದು ತೋರಿಸಿದೆ. ಅವರು ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದರು. ಎರಡನೆಯದರಲ್ಲಿ ಕಪ್ಪು ನೀರಿನ ಚೀಲ ಮಾತ್ರ, ಅದರೊಳಗೆ ಅವರೆಕಾಳಿನಷ್ಟು ಬಿಳಿ ಗುರುತು. ಮೂರನೆಯದರಲ್ಲೂ ಅವರೆಕಾಳು. ಎಲ್ಲ ಮುಗಿದಾಗ ಒಂಬತ್ತು ಕುರಿಗಳಲ್ಲಿ ಬೆಳೆದ ಮರಿ, ಹನ್ನೊಂದರಲ್ಲಿ ಅವರೆಕಾಳು, ನಾಲ್ಕು ಖಾಲಿ.

ಒಂದೇ ದಿನ ಹಾಕಿದ ಬೀಜ ಎರಡು ಅಳತೆಯಲ್ಲಿ ಬೆಳೆಯುವುದಿಲ್ಲ. ಹನ್ನೊಂದು ಗರ್ಭಗಳು ಸುಮಾರು ಹದಿನಾರು ದಿನ ಚಿಕ್ಕವು. ಅಂದರೆ ನನ್ನದು ಕಟ್ಟಿರಲಿಲ್ಲ. ಮತ್ತೆ ಬೆದೆಗೆ ಬಂದಾಗ ಯಾವುದೋ ಟಗರು ಕೂಡಿತ್ತು. ಜಗಲಿಯ ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದೆ. ವೀರ್ಯ ಹಾಕಿದ ಶನಿವಾರಕ್ಕೆ ಹದಿನಾರು ಸೇರಿಸಿದರೆ ಸೋಮವಾರ. ನಾನು ಕೆಳಗೆ ಮೀಟಿಂಗಿನಲ್ಲಿ ಕೂತಿದ್ದ ಸೋಮವಾರ. ಯಾರೋ ನನ್ನ ದಿನಚರಿ ನೋಡಿಕೊಂಡೇ ಕೆಲಸ ಮಾಡಿದ್ದಾರೆ ಎಂದು ಮೈ ಉರಿಯಿತು.

ದೊಡ್ಡವ್ವನಿಗೆ ಆ ದಿನ ಏನೂ ಹೇಳಲಿಲ್ಲ. ಗಂಟು ಬಿಚ್ಚಿರಲಿಲ್ಲವಾದ್ದರಿಂದ ಅವರ ಟಗರಿನ ಮೇಲೆ ಅನುಮಾನ ಹೋಗಲಿಲ್ಲ. ಪಕ್ಕದ ಹೊಲದವನ ಹತ್ತಿರ ಒಂದು ಕರಿಟಗರು ಇತ್ತು. ಅವನ ಬೇಲಿಯುದ್ದಕ್ಕೂ ನಡೆದು ಮುಳ್ಳಿಗೆ ಕರಿಕೂದಲು ಸಿಕ್ಕಿದೆಯೇ ಎಂದು ಹುಡುಕಿದೆ. ಅವನು ಟೀ ಕುಡಿಯಲು ಕರೆದಾಗ ಇಷ್ಟು ಮರ್ಯಾದೆ ಯಾಕೆ ಎಂದು ಅದರ ಮೇಲೂ ಅನುಮಾನ ಬಂತು.

ಸಂಜೆ ಡಾಕ್ಟರಿಗೆ ಫೋನು ಮಾಡಿದೆ. ಅವರು ಕೆಳಗಿನವರು, ಒಳ್ಳೆಯವರು, ತಮಿಳಿನಲ್ಲೇ ಮಾತು. "ಎಷ್ಟು ಕಟ್ಟಿವೆ?" ಎಂದರು.

"ಇಪ್ಪತ್ತು ಸಾರ್. ಆದರೆ ಹನ್ನೊಂದು ಚಿಕ್ಕವು."

"ಚಿಕ್ಕದು ದೊಡ್ಡದು ಇದ್ದೇ ಇರುತ್ತೆ. ಗರ್ಭ ಗರ್ಭವೇ. ಇಪ್ಪತ್ತು ಅಂತ ಬರೆದು ಮುಂದಿನ ಬುಧವಾರದೊಳಗೆ ಕಳಿಸಿಬಿಡು. ನಿನ್ನ ಮಲೆಯಲ್ಲಿ ಯೋಜನೆ ಉಳೀತು."

ಹೇಳಲು ನಾಚಿಕೆಯಿಲ್ಲ, ಆ ಮಾತು ಹಿತವಾಗಿಯೇ ಕೇಳಿಸಿತು. ಆದರೆ ಕಳ್ಳ ಯಾರೆಂದು ತಿಳಿಯದೆ ನನಗೆ ನಿದ್ದೆ ಬರುವಂತಿರಲಿಲ್ಲ. ಮುಂದಿನ ಸೋಮವಾರ ಹೊಟ್ಟೆನೋವೆಂದು ಡಾಕ್ಟರಿಗೆ ಹೇಳಿ ಮೀಟಿಂಗು ತಪ್ಪಿಸಿಕೊಂಡು, ಬೆಳಕು ಹರಿಯುವ ಹೊತ್ತಿಗೆ ದೊಡ್ಡಿಯ ಎದುರು ಆನೆಕಂದಕದ ಪಕ್ಕದ ಲಂಟಾನ ಪೊದೆಯೊಳಗೆ ಹೋಗಿ ಕೂತೆ. ಇಬ್ಬನಿಗೆ ಪ್ಯಾಂಟು ಒದ್ದೆಯಾಯಿತು. ಇರುವೆ ಕಚ್ಚಿದವು. ಕರಿಟಗರಿನ ಸುಳಿವಿಲ್ಲ.

ಬಿಸಿಲೇರಿದ ಮೇಲೆ ದೊಡ್ಡವ್ವ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಚೆಂಬಿನಲ್ಲಿ ನೀರು ಹಿಡಿದು ಹೊರಗೆ ಬಂದರು. ಕೊಟ್ಟಿಗೆಯ ಜೋಡೆತ್ತುಗಳ ಕಾಲಿಗೆ ನೀರು ಹಾಕಿ, ಹಣೆಗೆ ವಿಭೂತಿ ಇಟ್ಟು, ಮೇಯಲು ಬಿಟ್ಟರು. ಆಮೇಲೆ ಟಗರಿನ ಹತ್ತಿರ ಹೋದರು. ಅದರ ಹಣೆಗೂ ವಿಭೂತಿ. ಮಂಡಿಯೂರಿ ಕೂತು ನನ್ನ ಗಂಟನ್ನು ಬಿಚ್ಚಿದರು. ಪಟ್ಟಿ ತೆಗೆದು ಕಲ್ಲಿನ ಮೇಲೆ ಒಗೆದು, ಅದೇ ನೀರಿನಲ್ಲಿ ಟಗರಿನ ಎದೆಯ ಕೆಮ್ಮಣ್ಣನ್ನು ಉಜ್ಜಿ ತೊಳೆದು, ಬೇಲಿಯ ಮೇಲೆ ಪಟ್ಟಿ ಒಣಹಾಕಿದರು. ಟಗರು ಮೈ ಕೊಡವಿ ನೆಟ್ಟಗೆ ಹಿಂಡಿನೊಳಕ್ಕೆ ನಡೆಯಿತು.

ನಾನು ಎದ್ದುಬಿಟ್ಟಿರಬೇಕು, ಪೊದೆ ಅಲ್ಲಾಡಿತು.

"ಯಾರ್ಲಾ ಅದು?" ದೊಡ್ಡವ್ವ ಕಲ್ಲು ಎತ್ತಿಕೊಂಡಿದ್ದರು. ನನ್ನ ಮುಖ ಕಂಡ ಮೇಲೆ ಕಲ್ಲು ಕೆಳಗಿಟ್ಟರು. "ನೀನಾ ಮಗಾ? ಅಲ್ಲಿ ಯಾಕ ಕುಂತಿದ್ದೀಯ? ಹೊಟ್ಟ ಸರಿ ಇಲ್ವಾ?"

ಡಾಕ್ಟರಿಗೆ ಹೇಳಿದ ಸುಳ್ಳನ್ನೇ ಇವರು ಕೇಳಿದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. "ಪಟ್ಟಿ ಯಾಕ ಬಿಚ್ಚಿದ್ರಿ ದೊಡ್ಡವ್ವಾ?"

"ಸೋಮಾರ ಅಲ್ವಾ ಇವತ್ತು?"

"ಸೋಮಾರ ಆದ್ರ?"

ಅವರು ನನ್ನನ್ನು ಈ ಸೀಮೆಯವನೋ ಅಲ್ಲವೋ ಎಂಬಂತೆ ನೋಡಿದರು. "ಸೋಮಾರ ಬಸವಣ್ಣುನ ದಿನ. ಎತ್ತಿನ ಎಗಲಿಗ ನೊಗ ಮಡಗ್ತರಾ ಯಾರಾರ? ಇದೂ ಈಗ ಗೇಯೋ ಪ್ರಾಣಿ. ನೀನೇ ಅಂದಲ್ಲ, ಕುರಿ ಕಂಡಿಡಿಯೋ ಕೆಲ್ಸ ಇದ್ಕ ಕೊಟ್ಟಿವ್ನಿ ಅಂತ. ಆರ್ ದಿನ ಗೇದದ, ಒಂದಿನ ಬುಡುವು ಬ್ಯಾಡ್ವಾ?"

ದೊಡ್ಡಗಾಜನೂರಿನಲ್ಲಿ ನಮ್ಮ ಅಪ್ಪನೂ ಸೋಮವಾರ ಎತ್ತು ಕಟ್ಟಿದವರಲ್ಲ. ಅದು ನನಗೆ ಗೊತ್ತಿತ್ತು. ಟಗರಿಗೂ ಅದು ಸಲ್ಲುತ್ತದೆ ಎಂದು ಹೊಳೆದಿರಲಿಲ್ಲ, ಅಷ್ಟೆ.

"ಮತ್ತ ಗಂಟು?" ಅಂದೆ. "ಮಂಗ್ಳಾರ ಬಂದ್ರ ನನ್ ಗಂಟು ನನ್ ಗಂಟಾಗೇ ಇರ್ತಿತ್ತಲ್ಲ?"

"ನೀನು ತಿರುಗಾಮುರುಗಾ ಕಟ್ತಿಯ. ಏನೋ ಲೆಕ್ಕ ಇರ್ಬೇಕು ಅಂದ್ಕಂಡು ನಾನೂ ಅಂಗೇ ಕಟ್ಟದ ಕಲ್ತುಕಂಡಿ. ನಿನ್ ಕೆಲ್ಸ ಕೆಡಬಾರ್ದಲ್ಲ. ಮೊದುಲ್ನೇ ಸೋಮಾರ ಕಟ್ಟಕ ಅರ್ಧ ದಿನ ಆಯ್ತು ಕಣಪ್ಪಾ."

ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಜೀವಮಾನವಿಡೀ ಕುರಿ ಕಾದವರಿಗೆ ಹದಿನಾರನೇ ದಿನದ ಲೆಕ್ಕ ತಿಳಿಯದೇ? ಮರಿ ಕೈತಪ್ಪಬಾರದೆಂದು ಬೇಕೆಂತಲೇ ಬಿಟ್ಟು, ಬಸವಣ್ಣನ ಹೆಸರು ಹೇಳುತ್ತಿರಬಹುದಲ್ಲ? ಅದನ್ನೂ ಬಾಯಿಬಿಟ್ಟು ಕೇಳಿಯೇಬಿಟ್ಟೆ.

ಅವರಿಗೆ ಕೋಪ ಬರಲಿಲ್ಲ. "ಬೇಕಂತ ಬುಡೋಳಾಗಿದ್ರ ನಿನ್ ಗಂಟ ಯಾಕ ಕಲೀತಿದ್ದಿ? ಪಟ್ಟಿ ಅರ್ದೋಯ್ತು ಅಂದಿದ್ರ ಆಯ್ತಿತ್ತು. ಅದೂ ಅಲ್ದೆ, ಈ ಟಗರಿನ ಮರಿ ಬ್ಯಾಡ ಅಂತಾನೇ ಅಲ್ವಾ ನಿನ್ನ ಒಳಿಕ್ಕ ಬುಟ್ಟುದ್ದು?"

ಜಗಲಿಯ ಮೇಲೆ ಕೂತು ಸ್ಕ್ಯಾನಿನ ಚಿತ್ರಗಳನ್ನೂ ಕ್ಯಾಲೆಂಡರನ್ನೂ ತೋರಿಸಿ ವಿವರಿಸಿದೆ. ಅವರು ಹನ್ನೊಂದು ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಿ ತಿಳಿದುಕೊಂಡರು.

"ಅಂಗಾರ ಅನ್ನೊಂದುಕ್ಕೂ ಅದೇ ಸೊರಗು ಮರಿ ಅನ್ನು," ಅಂದರು. "ನಾನೇ ನನ್ ಕೈಯಾರ ಬುಟ್ಟಂಗಾಯ್ತು."

ನನಗೆ ಆಗ ನಿಜವಾಗಿ ಸಂಕಟವಾಯಿತು. ಗಂಟಿಗೆ ಕಾವಲು ಹಾಕುವ ಬದಲು, ಈ ಪಟ್ಟಿ ಒಂದು ದಿನ ಬಿಚ್ಚಿದರೆ ಏನಾಗುತ್ತದೆ ಎಂದು ಒಂದು ಮಾತು ಬಿಡಿಸಿ ಹೇಳಿದ್ದರೆ ಸಾಕಿತ್ತು. ಸೋಮವಾರ ಏನು ಮಾಡುತ್ತೀರಿ ಎಂದು ಕೇಳಿದ್ದರೂ ಸಾಕಿತ್ತು. ನಾನು ಕೇಳಲಿಲ್ಲ, ಕೇಳಿದರೆ ನಿಜ ಹೇಳುವುದಿಲ್ಲ ಎಂದುಕೊಂಡಿದ್ದೆ.

ಡಾಕ್ಟರಿಗೆ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕರು, ಆಮೇಲೆ ಗಂಭೀರವಾದರು. "ಸೋಮವಾರದ ಕಥೆ ಬರೆದರೆ ಆ ಅಮ್ಮ ಮೋಸ ಮಾಡಿದರು ಅಂತ ಮೇಲಿನವರು ಅಂದುಕೊಳ್ಳುತ್ತಾರೆ. ಪಾಪ, ಅವರ ಹೆಸರು ಯಾಕೆ ಕೆಡಿಸುತ್ತೀಯ? ಇಪ್ಪತ್ತು ಅಂತ ಬರೆ, ಎಲ್ಲರಿಗೂ ಕ್ಷೇಮ."

ಮಂಗಳವಾರ ಇಡೀ ದಿನ ಆ ಕಾಗದದ ಮುಂದೆ ಕೂತಿದ್ದೆ. ಇಪ್ಪತ್ತು ಎಂದು ಬರೆದರೆ ನನ್ನ ಕೆಲಸ ಉಳಿಯುತ್ತಿತ್ತು, ದೊಡ್ಡವ್ವನ ಹೆಸರೂ. ಆದರೆ ಮುಂದಿನ ಸಲ ತಾಳವಾಡಿ ಸುತ್ತಿನವರೆಲ್ಲ ಆ ಇಪ್ಪತ್ತನ್ನು ನಂಬಿ ಟಗರುಗಳನ್ನು ಮಾರಿಯೋ ಕಟ್ಟಿಹಾಕಿಯೋ ಕೂರುತ್ತಿದ್ದರು. ಅವರ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕುರಿಗಳು ಬರಡು ನಿಲ್ಲುತ್ತಿದ್ದವು. ಯಾರನ್ನೂ ನಂಬದ ನನ್ನನ್ನು ಅವರೆಲ್ಲ ನಂಬಬೇಕಿತ್ತು. ಅದು ನನ್ನಿಂದ ಆಗಲಿಲ್ಲ.

ಒಂಬತ್ತು ಎಂದು ಬರೆದೆ. ಕೆಳಗೆ, ಟಗರಿನ ಪಟ್ಟಿಯನ್ನು ಸೋಮವಾರಗಳಂದು ಇಲ್ಲಿನ ವಾಡಿಕೆಯಂತೆ ಬಿಚ್ಚಲಾಗಿತ್ತೆಂದೂ, ಆ ವಾಡಿಕೆಯನ್ನು ಮೊದಲೇ ಕೇಳಿ ತಿಳಿಯದೆ ಇದ್ದದ್ದು ತಂತ್ರಜ್ಞನ ತಪ್ಪೆಂದೂ ಬರೆದು ಸಹಿ ಹಾಕಿದೆ. ಜೊತೆಗೆ ಒಂದು ಸಲಹೆ ಸೇರಿಸಿದೆ: ಯಾವ ಹಿಂಡಿನವರೂ ಫ್ಲಾಸ್ಕನ್ನೇ ನೆಚ್ಚಿ ಕೂರಬಾರದು, ಹದಿನಾರನೇ ದಿನ ಬೇರೆ ಊರಿನ, ಸಂಬಂಧವಿಲ್ಲದ ಟಗರೊಂದನ್ನು ಹಿಂಡಿಗೆ ಬಿಡಬೇಕು. ಡಾಕ್ಟರು ಎರಡು ದಿನ ನನ್ನ ಫೋನು ಎತ್ತಲಿಲ್ಲ. ಕೊನೆಗೆ ಯೋಜನೆ ನಾಲ್ಕು ಹಿಂಡಿಗೆ ಇಳಿಯಿತು, ನನ್ನ ಕೆಲಸ ಇನ್ನೊಂದು ವರ್ಷಕ್ಕೆ ಉಳಿಯಿತು. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಈಗಲೂ ಖಚಿತವಿಲ್ಲ.

ಐದು ತಿಂಗಳು ತುಂಬಿದಾಗ ಮೊದಲಿಗೆ ಒಂಬತ್ತು ಕುರಿಗಳು ಮೂರು ನಾಲ್ಕು ದಿನದ ಅಂತರದಲ್ಲಿ ಈದವು. ನಸುಗೆಂಪು ಮರಿಗಳು, ಹುಟ್ಟಿದ ಗಳಿಗೆಗೇ ಎದ್ದು ನಿಂತವು. ಮತ್ತೆ ಎರಡು ವಾರ ಕಳೆದು ಹನ್ನೊಂದು ಈದವು. ಮೂರು ಮರಿಗಳಿಗೆ ಮೊಲೆ ಹಿಡಿಯುವ ಶಕ್ತಿಯಿರಲಿಲ್ಲ. ದೊಡ್ಡವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಎರಡನ್ನು ಉಳಿಸಿಕೊಂಡರು. ಒಂದನ್ನು ಲಂಟಾನದ ಹತ್ತಿರ ಹೂಳಿದರು, ನಾನು ಅವತ್ತು ಕೂತಿದ್ದ ಜಾಗದಿಂದ ಸ್ವಲ್ಪ ಆಚೆ.

ಮರುವರ್ಷ ಗುಮಟಾಪುರದ ಕಡೆಯಿಂದ ಎರವಲು ತಂದ ಹೊಸ ಟಗರನ್ನು ಅವರ ದೊಡ್ಡಿಗೆ ಹೊಡೆದುಕೊಂಡು ಹೋದೆ. ಈ ಸಲ ಮೊದಲೇ ಕೂತು ಮಾತಾಡಿಕೊಂಡಿದ್ದೆವು. ಸೋಮವಾರ ಪಟ್ಟಿ ಬಿಚ್ಚುವುದಾದರೆ ಟಗರನ್ನು ಹಿಂಡಿನಿಂದ ಆಚೆ ಬೇರೆ ಹೊಲದಲ್ಲಿ ಮೇಯಿಸುವುದು. ಹದಿನಾರನೇ ದಿನ ಮಾತ್ರ, ಅದು ಸೋಮವಾರವೇ ಬರುವಂತೆ ಲೆಕ್ಕ ಹಾಕಿದ್ದೆ, ಬಿಚ್ಚಿ ಹಿಂಡಿಗೇ ಬಿಡುವುದು. ದೊಡ್ಡವ್ವ ಪಟ್ಟಿಯನ್ನು ಟಗರಿನ ಹೊಟ್ಟೆಗೆ ಹಿಡಿದರು, ನಾನು ದಾರ ಸುತ್ತತೊಡಗಿದೆ.

"ಈ ಸಲ ಬಲಗೈ ಗಂಟು ಆಕಪ್ಪ," ಅಂದರು. "ನನ್ ಬೆಳ್ಳು ನೋಯ್ತವ."

ಪ್ರಯತ್ನ ಮಾಡಿದೆ. ನನಗೆ ಬಲಗೈ ಗಂಟು ಬರುವುದಿಲ್ಲ. ದಾರವನ್ನು ಅವರ ಕೈಗೇ ಕೊಟ್ಟೆ.